ನಡೆದರೆ ಬರುವ ಕಾಲುನೋವು: ನಡಿಗೆಯ ತರಬೇತಿಯೇ ಚಿಕಿತ್ಸೆ
(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಉದ್ಯೋಗ ಖಾತರಿ ಕಾಮಗಾರಿಗೆ ನಡೆದು ಬರುವ ಕೂಲಿಕಾರರೊಬ್ಬರು ಪ್ರತಿ ಇನ್ನೂರು ಮೀಟರಿಗೊಮ್ಮೆ ನಿಲ್ಲುತ್ತಾರೆ. ಐದು ನಿಮಿಷ ನಿಂತರೆ ಮೀನಖಂಡದ ನೋವು ಇಳಿಯುತ್ತದೆ. ಮತ್ತೆ ಅಷ್ಟೇ ದೂರ ನಡೆದಾಗ ಮರುಕಳಿಸುತ್ತದೆ. ನೋಡಿದವರು ಇದನ್ನು ಮೈಗಳ್ಳತನವೆಂದೋ ಮುಪ್ಪಿನ ಲಕ್ಷಣವೆಂದೋ ತಿಳಿಯುವುದುಂಟು. ಆದರೆ ಇದು ಕಾಲಿನ ಅಪಧಮನಿಗಳು ಕಿರಿದಾಗಿರುವುದರ ಲಕ್ಷಣವಾಗಿರಬಹುದು.

ಕಾರಣ

ಈ ಸ್ಥಿತಿಯನ್ನು ಕುಡಿಯುವ ನೀರಿನ ಕೊಳವೆಗೆ ಹೋಲಿಸಬಹುದು. ಕೊಳವೆಯ ಒಳಗೆ ಪಾಚಿಗಟ್ಟಿದ್ದರೂ ಉಳಿದ ನಲ್ಲಿಗಳು ಮುಚ್ಚಿರುವಾಗ ಕೊನೆಯ ಮನೆಗೆ ನೀರು ತಲುಪುತ್ತದೆ. ಎಲ್ಲ ನಲ್ಲಿಗಳನ್ನೂ ತೆರೆದಾಗ ಕೊರತೆ ಗೋಚರಿಸುತ್ತದೆ. ಅಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಶೇಖರವಾದಾಗಲೂ ಹೀಗೆಯೇ ಆಗುತ್ತದೆ. ವಿಶ್ರಾಂತಿಯಲ್ಲಿ ಸಾಲುವ ರಕ್ತವು ನಡೆಯುವಾಗ ಸ್ನಾಯುಗಳಿಗೆ ಸಾಲದು. ಬೀಡಿ, ಸಿಗರೇಟು, ಮಧುಮೇಹ, ಅಧಿಕ ರಕ್ತದೊತ್ತಡ ಮತ್ತು ಅಧಿಕ ಕೊಲೆಸ್ಟರಾಲ್ ಇದಕ್ಕೆ ಮುಖ್ಯ ಕಾರಣಗಳು. ಇದೇ ಕಾರಣಗಳಿಂದ ಹೃದಯಾಘಾತ ಹಾಗೂ ಪಾರ್ಶ್ವವಾಯುವಿನ ಅಪಾಯವೂ ಹೆಚ್ಚಿರುತ್ತದೆ.

ಪಾದದ ಗಂಟಿನ ಬಳಿ ಅಳೆದ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸಿದಾಗ ಬರುವ ಅನುಪಾತವು 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ವೈದ್ಯರು ಈ ರೋಗವನ್ನು ಗುರುತಿಸುತ್ತಾರೆ.

ತರಬೇತಿಯ ಕ್ರಮ

ನೋವಿಗೆ ಹೆದರಿ ನಡೆಯುವುದನ್ನೇ ಬಿಟ್ಟರೆ ಕಾಲು ಇನ್ನಷ್ಟು ದುರ್ಬಲವಾಗುತ್ತದೆ. 1966ರಲ್ಲಿ ಡೆನ್ಮಾರ್ಕಿನ ಲಾರ್ಸೆನ್ ಮತ್ತು ಲಾಸೆನ್ ಎಂಬ ವೈದ್ಯರು, ನಿತ್ಯ ವ್ಯಾಯಾಮದಿಂದ ಇಂತಹ ರೋಗಿಗಳು ಹೆಚ್ಚು ನಡೆಯಬಲ್ಲರೆಂದು ಪರೀಕ್ಷಿಸಿ ತೋರಿಸಿದರು. ವೈದ್ಯರ ತಪಾಸಣೆಯ ನಂತರ ಅನುಸರಿಸುವ ಕ್ರಮ ಹೀಗಿದೆ:

1. ನೋವು ಮಧ್ಯಮ ಪ್ರಮಾಣಕ್ಕೆ ಏರುವವರೆಗೆ ನಡೆಯುವುದು.
2. ನೋವು ಪೂರ್ತಿ ಇಳಿಯುವವರೆಗೆ ನಿಲ್ಲುವುದು ಅಥವಾ ಕುಳಿತುಕೊಳ್ಳುವುದು.
3. ವಿಶ್ರಾಂತಿಯೂ ಸೇರಿದಂತೆ 30ರಿಂದ 60 ನಿಮಿಷಗಳವರೆಗೆ ಇದನ್ನೇ ಪುನರಾವರ್ತಿಸುವುದು.
4. ವಾರಕ್ಕೆ ಕನಿಷ್ಠ 3 ದಿನ, ಕನಿಷ್ಠ 12 ವಾರ ಮುಂದುವರಿಸುವುದು.

ಇದರಿಂದ ಕಟ್ಟಿಕೊಂಡ ಕೊಬ್ಬು ಕರಗುವುದಿಲ್ಲ. ದೊರೆಯುವ ರಕ್ತದಲ್ಲಿನ ಆಮ್ಲಜನಕವನ್ನು ಸ್ನಾಯುಗಳು ಹೆಚ್ಚು ಸಮರ್ಥವಾಗಿ ಬಳಸುವುದನ್ನು ಕಲಿಯುತ್ತವೆ. ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ತರಬೇತಿ ನಿಲ್ಲಿಸಿದರೆ ಲಾಭವೂ ಕುಗ್ಗುತ್ತದೆ. ವೈದ್ಯರು ನೀಡಿದ ಮಾತ್ರೆಗಳನ್ನು ಬಿಡಬಾರದು, ತಂಬಾಕನ್ನು ಬಿಡಲೇಬೇಕು.

ತಡಮಾಡಬಾರದ ಲಕ್ಷಣಗಳು

ರಾತ್ರಿ ಮಲಗಿದಾಗಲೂ ಪಾದದಲ್ಲಿ ನೋವು, ಮಾಯದ ಹುಣ್ಣು ಅಥವಾ ಕಪ್ಪಾಗುವ ಬೆರಳು ಕಂಡರೆ ನಡಿಗೆಯ ತರಬೇತಿ ಆರಂಭಿಸದೆ ಕೂಡಲೇ ಆಸ್ಪತ್ರೆಗೆ ಕಳುಹಿಸಬೇಕು. ಕಾಲು ಹಠಾತ್ತನೆ ತಣ್ಣಗಾಗಿ, ಬಿಳಿಚಿಕೊಂಡು, ನೋಯತೊಡಗಿದರೆ ಅದು ತುರ್ತು ಸ್ಥಿತಿ. ಕೆಲವೇ ಗಂಟೆಗಳ ವಿಳಂಬದಿಂದ ಕಾಲನ್ನೇ ಕಳೆದುಕೊಳ್ಳುವ ಸಂಭವವಿದೆ. ನಡೆಯುವಾಗ ಎದೆನೋವು ಬಂದರೆ ತಕ್ಷಣ ನಿಲ್ಲಿಸಿ ಚಿಕಿತ್ಸೆ ಪಡೆಯಬೇಕು. ದೀರ್ಘಕಾಲದ ಮಧುಮೇಹದಲ್ಲಿ ನೋವು ತಿಳಿಯದೇ ಇರಬಹುದಾದ್ದರಿಂದ ಪಾದಗಳನ್ನು ಪ್ರತಿದಿನ ನೋಡಿಕೊಳ್ಳುವುದು ಅಗತ್ಯ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

• "ಎಷ್ಟು ದೂರ ನಡೆದರೆ ಕಾಲು ನೋಯುತ್ತದೆ, ನಿಂತರೆ ಇಳಿಯುತ್ತದೆಯೇ?" ಎಂಬ ಪ್ರಶ್ನೆಯನ್ನು ಮನೆಭೇಟಿಯಲ್ಲಿ ಕೇಳುವಂತೆ ಆಶಾ ಕಾರ್ಯಕರ್ತೆಯರೊಂದಿಗೆ ಚರ್ಚಿಸುವುದು, ಹೌದೆಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು.
• ಶಾಲಾ ಮೈದಾನ ಅಥವಾ ಕೆರೆ ಏರಿಯ ಸಮತಟ್ಟಾದ, ಬೆಳಕಿರುವ ಭಾಗವನ್ನು ಗುರುತಿಸಿ, ಪ್ರತಿ 50 ಮೀಟರಿಗೆ ಗುರುತುಕಲ್ಲು ಹಾಗೂ ಕೂರಲು ಕಟ್ಟೆ ಒದಗಿಸುವುದು. ನಡೆದ ದೂರವನ್ನು ರೋಗಿಯೇ ವಾರವಾರ ಬರೆದಿಟ್ಟುಕೊಳ್ಳಲು ಇದು ನೆರವಾಗುತ್ತದೆ.
• ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧವನ್ನು ಪಂಚಾಯತಿ ಕಚೇರಿಯಿಂದಲೇ ಪಾಲಿಸಿ ತೋರಿಸುವುದು.
• ಕಾಮಗಾರಿ ಸ್ಥಳದಲ್ಲಿ ಪದೇ ಪದೇ ನಿಲ್ಲುವವರನ್ನು ಗದರಿಸದೆ ತಪಾಸಣೆಗೆ ಕಳುಹಿಸುವಂತೆ ಕಾಯಕ ಬಂಧುಗಳಿಗೆ ತಿಳಿಸುವುದು.

ಮುಂದಿನ ಸಭೆಯಲ್ಲಿ ಪ್ರತಿ ಸದಸ್ಯರೂ ತಮ್ಮ ವಾರ್ಡಿನಲ್ಲಿ ಹೀಗೆ ನಿಂತು ನಿಂತು ನಡೆಯುವವರು ಯಾರಿದ್ದಾರೆಂದು ನೆನಪಿಸಿಕೊಂಡರೆ ಈ ಪಾಠ ಸಾರ್ಥಕವಾಗುತ್ತದೆ.