ಹೊಸಕೋಟೆಯಿಂದ ಹಾನ್ಲೆಗೆ

ಹೊಸಕೋಟೆಯಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಕೇಂದ್ರವೊಂದಿದೆ. ಅಲ್ಲಿ ಕುಳಿತ ವಿಜ್ಞಾನಿಗಳು ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತಾರೆ. ಎರಡು ಮೀಟರ್ ವ್ಯಾಸದ ಕನ್ನಡಿಯುಳ್ಳ ಈ ಯಂತ್ರವು ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದ್ದು, 2000ನೆಯ ಇಸವಿಯಲ್ಲಿ ಮೊದಲ ಬಾರಿಗೆ ನಕ್ಷತ್ರಗಳ ಬೆಳಕನ್ನು ಕಂಡಿತು. ಉಸಿರಾಟವೇ ಕಷ್ಟವಾಗುವ ಆ ಶೀತಪ್ರದೇಶಕ್ಕೆ ಪದೇ ಪದೇ ಪ್ರಯಾಣ ಮಾಡಲಾದೀತೆ? ಆದುದರಿಂದಲೇ ಉಪಗ್ರಹದ ಮೂಲಕ ಈ ಸಂಪರ್ಕವನ್ನು ಏರ್ಪಡಿಸಲಾಯಿತು.

ಭೂಸ್ಥಿರ ಸಂಪರ್ಕ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಆಜ್ಞೆಯೊಂದು ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡು ಬೇಕು. ಉತ್ತರ ಬರಲು ಮತ್ತೆ ಅಷ್ಟೇ ಬೇಕು. ಈ ವಿಳಂಬವು ದೋಷವಲ್ಲ, ದೂರದ ಫಲ. ತಡವಾಗುವುದು ಬೇರೆ, ಕಡಿದುಹೋಗುವುದು ಬೇರೆ. ದೋಷವನ್ನು ಹುಡುಕಹೊರಟವರು ಮೊದಲು ಅರಿಯಬೇಕಾದ ಭೇದವಿದು.

ಇಂತಹ ದೂರಸಂಪರ್ಕವು ಈಗ ಮನೆಗಳಿಗೂ ಬಂದಿದೆ. 2020ರ ಮಾರ್ಚ್ ತಿಂಗಳಲ್ಲಿ ದೇಶವೇ ಬಾಗಿಲು ಮುಚ್ಚಿದಾಗ ಅನೇಕ ನೌಕರರು ಮನೆಯಿಂದಲೇ ಕಚೇರಿಯ ಗಣಕಯಂತ್ರವನ್ನು ನಡೆಸಬೇಕಾಯಿತು. ದೊಡ್ಡಬಳ್ಳಾಪುರದ ಮನೆಯಲ್ಲಿ ಒತ್ತಿದ ಕೀಲಿಗೆ ಬೆಂಗಳೂರಿನ ಯಂತ್ರವು ಓಗೊಡುತ್ತದೆ. ಅದರ ಪರದೆಯ ಚಿತ್ರವು ಮನೆಗೆ ಬರುತ್ತದೆ.

ಈ ಸಂಪರ್ಕವು ತಪ್ಪಿದಾಗ ಆತುರಗಾರನು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಿಸುತ್ತಾನೆ. ವಿವೇಕಿಯಾದವನು ಹತ್ತಿರದಿಂದ ದೂರಕ್ಕೆ ಒಂದೊಂದನ್ನೇ ಪರೀಕ್ಷಿಸುತ್ತಾನೆ. ಮನೆಯಲ್ಲಿ ಅಂತರ್ಜಾಲವಿದೆಯೆ? ಬೇರೆ ತಾಣಗಳು ತೆರೆಯುತ್ತಿದ್ದರೆ ಮನೆಯ ರೌಟರ್ ನಿರ್ದೋಷಿಯೆಂದು ಬಹುಮಟ್ಟಿಗೆ ತಿಳಿಯಬಹುದು. ಆ ಬದಿಯ ಯಂತ್ರವು ಎಚ್ಚರವಾಗಿದೆಯೆ? ನಿದ್ರಾಸ್ಥಿತಿಯಲ್ಲಿರುವ ಯಂತ್ರವು ಕರೆಗೆ ಓಗೊಡಲಾರದು. ದೂರದಿಂದ ಪ್ರವೇಶಿಸಲು ಅದರಲ್ಲಿ ಅನುಮತಿಯಿದೆಯೆ? ವಿಂಡೋಸ್‌ನ ಹೋಮ್ ಆವೃತ್ತಿಯು ತನ್ನದೇ ರಿಮೋಟ್ ಡೆಸ್ಕ್‌ಟಾಪ್ ಕರೆಯನ್ನು ಸ್ವೀಕರಿಸುವುದೇ ಇಲ್ಲ.

ಮುಂದಿನದು ವಿಳಾಸ. ಹಳ್ಳಿಯೊಳಗೆ 'ಮೂಲೆಮನೆ' ಎಂದರೆ ಸಾಕು; ಪರವೂರಿನಿಂದ ಬರೆಯುವ ಕಾಗದಕ್ಕೆ ಅಷ್ಟು ಸಾಲದು. 192.168 ಎಂದು ಮೊದಲಾಗುವ ಸಂಖ್ಯೆಗಳೂ ಹಾಗೆಯೇ: ಅವು ಆಯಾ ಕಟ್ಟಡದ ಜಾಲದೊಳಗೆ ಮಾತ್ರ ಸಲ್ಲುತ್ತವೆ.

ಈ ತೊಡಕನ್ನು ಬಿಡಿಸಲು ಕೆಲವರು ರಿಮೋಟ್ ಡೆಸ್ಕ್‌ಟಾಪಿನ 3389ನೆಯ ದ್ವಾರವನ್ನು ಲೋಕಕ್ಕೆಲ್ಲ ತೆರೆದಿಡುತ್ತಾರೆ. ಸಂಪರ್ಕವೇನೋ ದೊರೆಯುತ್ತದೆ, ಆದರೆ ಕಳ್ಳನಿಗೂ ದಾರಿಯಾಗುತ್ತದೆ. 2019ರ ಮೇ ತಿಂಗಳಲ್ಲಿ ಬಹಿರಂಗವಾದ 'ಬ್ಲೂಕೀಪ್' ಎಂಬ ದೋಷದ ಮೂಲಕ ಹಳೆಯ ವಿಂಡೋಸ್ ಯಂತ್ರಗಳೊಳಗೆ ಗುಪ್ತಪದವಿಲ್ಲದೆಯೇ ನುಗ್ಗಬಹುದಾಗಿತ್ತು. ಬೆಂಬಲವನ್ನು ಎಂದೋ ನಿಲ್ಲಿಸಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿಯನ್ನು ನೀಡಬೇಕಾಯಿತು. ವಿಪಿಎನ್ ಎಂಬ ರಕ್ಷಿತ ಮಾರ್ಗದಿಂದ ಮೊದಲು ಕಚೇರಿಯ ಜಾಲವನ್ನು ಸೇರಿ, ಅನಂತರ ಯಂತ್ರವನ್ನು ಕರೆಯುವುದೇ ಕ್ಷೇಮ.

ಹಾದಿ ಎಲ್ಲಿ ಕಡಿದಿದೆಯೆಂದು ತಿಳಿಯುವ ಮೊದಲೇ ಬಾಗಿಲನ್ನು ಮುರಿಯುವುದು ಜಾಣತನವಲ್ಲ. ಸಂಪರ್ಕವನ್ನು ಸಾಧಿಸುವುದು ಎಷ್ಟು ಮುಖ್ಯವೋ, ಅದನ್ನು ಕಾಯ್ದುಕೊಳ್ಳುವುದೂ ಅಷ್ಟೇ ಮುಖ್ಯ.

ಅಭ್ಯಾಸ

1. ವಿಳಂಬಕ್ಕೂ ಸಂಪರ್ಕ ಕಡಿತಕ್ಕೂ ಇರುವ ಭೇದವೇನು?
2. 'ಮೂಲೆಮನೆ'ಯ ಉದಾಹರಣೆಯಿಂದ ಯಾವ ಅಂಶವು ಸ್ಪಷ್ಟವಾಗುತ್ತದೆ?
3. ದ್ವಾರವನ್ನು ಲೋಕಕ್ಕೆಲ್ಲ ತೆರೆದಿಡುವುದು ಏಕೆ ಅಪಾಯಕರ?