ಜಾಮೀನು ನಿಲ್ಲುವವರು

ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯ ಮುಖ ನೋಡಿ ಮತ ಹಾಕುವವರು ಕಡಿಮೆ. ಚುನಾವಣೆಗಳನ್ನು ಬಲ್ಲವರು ಹಾಗೆನ್ನುತ್ತಾರೆ, ಸಾಮಾನ್ಯ ಕಾಲಕ್ಕೆ ಆ ಮಾತು ನಿಜವೂ ಹೌದು. ಆದರೆ ಅಭ್ಯರ್ಥಿಯ ಹುಟ್ಟು, ಧರ್ಮ, ದೇಶನಿಷ್ಠೆಯ ಮೇಲೇ ಕೆಸರು ಬೀಳುತ್ತಿರುವಾಗ ಅವನ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎನ್ನುವುದಕ್ಕೆ ಬೇರೆಯದೇ ತೂಕ ಬರುತ್ತದೆ. 2008ರಲ್ಲಿ ಬರಾಕ್ ಒಬಾಮ ಪರವಾಗಿ ಮನೆ ಮನೆ ಸುತ್ತುತ್ತಾ ನಾನು ಇದನ್ನು ಕಲಿತೆ. ಪುಸ್ತಕ ಓದಿದ್ದರೆ ಇಷ್ಟು ಗಟ್ಟಿಯಾಗಿ ಮನಸ್ಸಿಗೆ ಹತ್ತುತ್ತಿರಲಿಲ್ಲ.

ನಾನು ಹಾಸನದ ಕಡೆಯವನು. ಆಗ ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೆ, ಸಾಫ್ಟ್‌ವೇರ್ ಕೆಲಸ. ನ್ಯೂಜೆರ್ಸಿ ಡೆಮಾಕ್ರಟಿಕ್ ಪಕ್ಷಕ್ಕೆ ಖಾತ್ರಿ ರಾಜ್ಯವಾದ್ದರಿಂದ ಅಲ್ಲಿ ಪ್ರಚಾರ ಮಾಡುವ ಅಗತ್ಯ ಅಷ್ಟಾಗಿರಲಿಲ್ಲ. ಶನಿವಾರ ಭಾನುವಾರ ನಮ್ಮಂಥ ಸ್ವಯಂಸೇವಕರನ್ನು ಡೆಲವೇರ್ ನದಿ ದಾಟಿಸಿ ಪೆನ್ಸಿಲ್ವೇನಿಯಾದ ಬಕ್ಸ್ ಕೌಂಟಿಗೆ ಕಳಿಸುತ್ತಿದ್ದರು. ನನ್ನ ಪಾಲಿಗೆ ಹೆಚ್ಚಾಗಿ ಬಂದದ್ದು ಲೆವಿಟೌನ್. 1950ರ ದಶಕದಲ್ಲಿ, ಪಕ್ಕದಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ತಲೆಯೆತ್ತಿದ ಕಾಲದಲ್ಲಿ, ಒಂದೇ ಅಚ್ಚಿನಲ್ಲಿ ತೆಗೆದಂತೆ ಕಟ್ಟಿದ 17,000ಕ್ಕೂ ಹೆಚ್ಚು ಮನೆಗಳ ಊರು ಅದು. 1957ರಲ್ಲಿ ಮೈಯರ್ಸ್ ದಂಪತಿ ಅಲ್ಲಿಗೆ ಮೊದಲ ಕಪ್ಪು ಕುಟುಂಬವಾಗಿ ಬಂದಾಗ ಗುಂಪು ಸೇರಿ ಕಿಟಕಿಗೆ ಕಲ್ಲು ಹೊಡೆದಿತ್ತು. ಆ ಚರಿತ್ರೆ ಗೊತ್ತಿದ್ದೇ ನಾನು ಅಲ್ಲಿನ ಬಾಗಿಲುಗಳನ್ನು ತಟ್ಟಿದೆ. ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಏಪ್ರಿಲ್‌ನ ಪ್ರಾಥಮಿಕ ಚುನಾವಣೆಯಲ್ಲಿ ಪೆನ್ಸಿಲ್ವೇನಿಯಾ ಒಬಾಮ ಎದುರು ಹಿಲರಿ ಕ್ಲಿಂಟನ್‌ರನ್ನು ಸುಮಾರು 9 ಶೇಕಡಾ ಅಂಶಗಳಿಂದ ಗೆಲ್ಲಿಸಿತ್ತು. ಲೆವಿಟೌನ್‌ನಂಥ ಊರುಗಳು ಅವರ ಬಲವಾಗಿದ್ದವು.

ಒಬಾಮ ಬಗ್ಗೆ ಹಬ್ಬಿದ ಸುಳ್ಳುಗಳಿಗೆ ತಲೆಬುಡ ಇರಲಿಲ್ಲ. ಅವನು ಗುಟ್ಟಾಗಿ ಮುಸ್ಲಿಂ, ಇಂಡೊನೇಷ್ಯಾದ ಮದರಸಾದಲ್ಲಿ ಓದಿದವನು, ಅಮೆರಿಕದಲ್ಲಿ ಹುಟ್ಟಿದವನೇ ಅಲ್ಲ ಎಂದು ಒಬ್ಬರಿಂದೊಬ್ಬರಿಗೆ ಇಮೇಲ್ ಹೋಗುತ್ತಿತ್ತು. ಜೊತೆಗೇ, ಶಿಕಾಗೋದ ಪಾದ್ರಿ ಜೆರೆಮಿಯಾ ರೈಟ್ ಅವರ ಚರ್ಚಿನಲ್ಲಿ ಇಪ್ಪತ್ತು ವರ್ಷ ಕೂತು ಉಗ್ರ ಪ್ರವಚನ ಕೇಳಿದವನು ಎಂಬ ದೂರು. ಗುಟ್ಟಿನ ಮುಸ್ಲಿಮನೂ ಅವನೇ, ಚರ್ಚಿನ ಅತಿ ನಿಷ್ಠಾವಂತನೂ ಅವನೇ! ಈ ಎರಡನ್ನೂ ಒಟ್ಟಿಗೆ ನಂಬಿದವರನ್ನು ನಾನು ಕಣ್ಣಾರೆ ಕಂಡೆ. ಆ ವರ್ಷ ಪ್ಯೂ ಸಂಸ್ಥೆ ನಡೆಸಿದ ಸಮೀಕ್ಷೆಗಳಲ್ಲಿ ಸುಮಾರು ಶೇ 12ರಷ್ಟು ಜನ ಒಬಾಮ ಮುಸ್ಲಿಂ ಎಂದೇ ಹೇಳಿದ್ದರು.

ಒಂದು ಮಧ್ಯಾಹ್ನ ಅಂಗಳದಲ್ಲಿ ಕಾರು ತೊಳೆಯುತ್ತಿದ್ದ ಹಿರಿಯರೊಬ್ಬರು ನೀರಿನ ಪೈಪನ್ನು ಕೈಯಲ್ಲಿ ಹಿಡಿದೇ ಕೇಳಿದರು: "ಕುರಾನ್ ಮುಟ್ಟಿ ಪ್ರಮಾಣ ಮಾಡಿದವನು ಅವನೇ ಅಲ್ಲವಾ?" ಉತ್ತರ ನನ್ನ ಬಾಯಲ್ಲೇ ಇತ್ತು. 2007ರ ಜನವರಿಯಲ್ಲಿ ಕುರಾನ್ ಮೇಲೆ ಪ್ರಮಾಣ ಮಾಡಿದವರು ಮಿನೆಸೋಟದ ಸಂಸದ ಕೀತ್ ಎಲಿಸನ್, ಆ ಪ್ರತಿ ಥಾಮಸ್ ಜೆಫರ್ಸನ್ ಅವರ ಸಂಗ್ರಹದ್ದು ಎಂದೆಲ್ಲ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಯಾವ ದೇಶದವನು?" ಎಂದರು.

ಅವರಿಗಿದ್ದ ಅನುಮಾನ ಮಾಹಿತಿಯ ಕೊರತೆಯಿಂದ ಹುಟ್ಟಿದ್ದಲ್ಲ. ಇವನು ಯಾರವನು, ಇವನನ್ನು ಬಲ್ಲವರು ಯಾರಿದ್ದಾರೆ ಎಂದು ಅವರು ಕೇಳುತ್ತಿದ್ದರು. ನಮ್ಮೂರಿನ ಸಹಕಾರ ಸಂಘದಲ್ಲಿ ಸಾಲ ಕೇಳಲು ಹೋದವನ ಕಾಗದಪತ್ರ ಎಷ್ಟೇ ಸರಿಯಿರಲಿ, ಕಾರ್ಯದರ್ಶಿ ಮೊದಲು ಜಾಮೀನು ಯಾರದ್ದು ಅಂತ ಕೇಳುತ್ತಾನೆ. ಹಾಗೆ.

ನನ್ನ ಜೊತೆಗೆ ಅಂದು ಬಂದಿದ್ದವರು ಲೆವಿಟೌನ್‌ನವರೇ ಆದ ನಿವೃತ್ತ ನರ್ಸ್. ಕ್ಯಾಥೊಲಿಕ್ ಹೆಂಗಸು, ಅರವತ್ತು ದಾಟಿದವರು. ಅಲ್ಲಿಯವರೆಗೆ ಪಟ್ಟಿ ಹಿಡಿದು ಹಿಂದೆ ನಿಂತಿದ್ದವರು ಮುಂದೆ ಬಂದು, "ನಾನು ಏಪ್ರಿಲ್‌ನಲ್ಲಿ ಹಿಲರಿಗೆ ಹಾಕಿದವಳು. ನನಗೂ ಈ ಮನುಷ್ಯ ಯಾರು ಅಂತ ಗೊತ್ತಿರಲಿಲ್ಲ. ಈಗ ನಂಬಿಕೆ ಬಂದಿದೆ" ಎಂದರು. ಹಿರಿಯರು ನೀರು ನಿಲ್ಲಿಸಿದರು. ಆಮೇಲೆ ಕುರಾನಿನ ಮಾತು ಬರಲಿಲ್ಲ. ಅವರ ಪಿಂಚಣಿ, ಹೆಂಡತಿಯ ಔಷಧಿ ಖರ್ಚು, ಕಾರ್ಖಾನೆ ಮುಚ್ಚಿದ ಮೇಲೆ ಊರು ಬಿಟ್ಟುಹೋದ ಮಕ್ಕಳು, ಇಂಥದ್ದನ್ನೇ ಬಹಳ ಹೊತ್ತು ಮಾತಾಡಿದರು.

ಉಪಾಧ್ಯಕ್ಷ ಅಭ್ಯರ್ಥಿ ಯಾರಾಗಬೇಕು ಎಂಬ ವಾದ ನಮ್ಮ ಪ್ರಚಾರ ಕಚೇರಿಯಲ್ಲಿ ಆ ಬೇಸಿಗೆಯಿಡೀ ನಡೆದೇ ಇತ್ತು. ಕೆಲವರಿಗೆ ನಿವೃತ್ತ ಜನರಲ್ ವೆಸ್ಲಿ ಕ್ಲಾರ್ಕ್ ಥರದವರು ಬೇಕು: ದೇಶಭಕ್ತಿಯನ್ನು ಪ್ರಶ್ನಿಸುವವರ ಬಾಯಿ ಸೈನಿಕನಿಂದ ಮುಚ್ಚಿಸಬೇಕು ಎಂಬ ಲೆಕ್ಕ. ಕೆಲವರಿಗೆ ಹಿಲರಿ. ಯುವಕರಿಗೆ ವರ್ಜೀನಿಯಾದ ಗವರ್ನರ್ ಟಿಮ್ ಕೇನ್ ಅವರಂಥ ಹೊಸ ಮುಖ ಬೇಕಿತ್ತು. ಕಡೆಯ ಸುತ್ತಿಗೆ ಉಳಿದವರು ಕೇನ್, ಇಂಡಿಯಾನಾದ ಸೆನೆಟರ್ ಇವಾನ್ ಬೇ ಮತ್ತು ಡೆಲವೇರ್‌ನ ಸೆನೆಟರ್ ಜೋ ಬೈಡನ್. ಆಗಸ್ಟ್ 8ರಂದು ರಷ್ಯಾ–ಜಾರ್ಜಿಯಾ ಯುದ್ಧ ಶುರುವಾದ ಮೇಲೆ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಬೈಡನ್ ಹೆಸರು ಮೇಲೆ ಬಂತು. ಆಗಸ್ಟ್ 23ರ ಬೆಳಗಿನ ಜಾವ ಮೊಬೈಲಿಗೆ ಸಂದೇಶ ಬಂತು: ಬೈಡನ್.

ಪತ್ರಿಕೆಗಳು ಅನುಭವದ ಬಗ್ಗೆ ಬರೆದವು. ಡೆಲವೇರ್‌ಗೆ ಇದ್ದದ್ದು 3 ಎಲೆಕ್ಟೋರಲ್ ಮತ, ಅವೂ ಹೇಗೂ ಡೆಮಾಕ್ರಟ್‌ಗಳವೇ. ಲೆಕ್ಕಕ್ಕೆ ಲಾಭವೇ ಇಲ್ಲ ಎಂದರು. ಲೆವಿಟೌನ್‌ನ ಬಾಗಿಲಿನಲ್ಲಿ ಆ ಲೆಕ್ಕ ಬೇರೆಯಾಗಿತ್ತು. ಡೆಲವೇರ್‌ನ ಹೆಚ್ಚಿನ ಭಾಗಕ್ಕೆ ಟಿವಿ ಸುದ್ದಿ ಬರುವುದು ಫಿಲಡೆಲ್ಫಿಯಾದಿಂದ, ಬಕ್ಸ್ ಕೌಂಟಿಗೂ ಅಲ್ಲಿಂದಲೇ. ಅಂದರೆ ಆ ಜನ 1973ರಿಂದಲೂ ಬೈಡನ್ ಮುಖವನ್ನು ಸಂಜೆಯ ಸುದ್ದಿಯಲ್ಲಿ ನೋಡುತ್ತಲೇ ಬಂದಿದ್ದರು. ಹುಟ್ಟಿದ್ದು ಪೆನ್ಸಿಲ್ವೇನಿಯಾದ್ದೇ ಸ್ಕ್ರ್ಯಾಂಟನ್‌ನಲ್ಲಿ. 1972ರ ಡಿಸೆಂಬರ್‌ನಲ್ಲಿ ಕಾರು ಅಪಘಾತದಲ್ಲಿ ಹೆಂಡತಿ ಮತ್ತು ಎಳೆಯ ಮಗಳನ್ನು ಕಳೆದುಕೊಂಡು, ಉಳಿದ ಇಬ್ಬರು ಗಂಡುಮಕ್ಕಳಿಗಾಗಿ ದಿನವೂ ವಾಷಿಂಗ್ಟನ್‌ನಿಂದ ವಿಲ್ಮಿಂಗ್ಟನ್‌ಗೆ ರೈಲಿನಲ್ಲಿ ಮರಳುತ್ತಿದ್ದ ಮನುಷ್ಯ. ಈ ಕಥೆಯನ್ನು ನಾನು ಹೇಳುವ ಮೊದಲೇ ಬಾಗಿಲು ತೆರೆದವರು ನನಗೆ ಹೇಳುತ್ತಿದ್ದರು. "ಜೋ" ಎಂದೇ ಕರೆಯುತ್ತಿದ್ದರು. ಜಾಮೀನಿಗೆ ಬೇಕಾದ ಮೊದಲ ಗುಣ ಇದು: ಹೊಸದಾಗಿ ಪರಿಚಯ ಮಾಡಿಕೊಡಬೇಕಾದ ಮನುಷ್ಯ ಮತ್ತೊಬ್ಬರನ್ನು ಪರಿಚಯಿಸಲಾರ.

ಎರಡನೆಯದನ್ನು ನಾನು ಆಮೇಲೆ 1972ರ ಚುನಾವಣೆಯ ಬಗ್ಗೆ ಓದುತ್ತಾ ಅರ್ಥ ಮಾಡಿಕೊಂಡೆ. ಆ ಸಲದ ಡೆಮಾಕ್ರಟಿಕ್ ಅಭ್ಯರ್ಥಿ ಜಾರ್ಜ್ ಮೆಕ್‌ಗವರ್ನ್ ಯುದ್ಧ ವಿರೋಧಿ, ಸಜ್ಜನ. ಆ ಏಪ್ರಿಲ್‌ನಲ್ಲಿ ರಾಬರ್ಟ್ ನೊವಾಕ್ ತಮ್ಮ ಅಂಕಣದಲ್ಲಿ ಹೆಸರು ಹೇಳದ ಡೆಮಾಕ್ರಟಿಕ್ ಸೆನೆಟರ್ ಒಬ್ಬರ ಮಾತು ಹಾಕಿದರು: ಮೆಕ್‌ಗವರ್ನ್ ಗರ್ಭಪಾತದ ಪರ, ಗಾಂಜಾ ಪರ, ಸೈನ್ಯ ಸೇರದೆ ತಪ್ಪಿಸಿಕೊಂಡವರಿಗೆ ಕ್ಷಮೆ ಕೊಡುವವನು ಎಂಬುದು ಜನಕ್ಕೆ ಗೊತ್ತಿಲ್ಲ, ಗೊತ್ತಾದರೆ ಮುಗಿಯಿತು ಎಂಬ ಧಾಟಿಯದು. ಆ ಅರ್ಧಸತ್ಯ ಬಾಯಿಂದ ಬಾಯಿಗೆ ಇನ್ನಷ್ಟು ತಿರುಚಿಕೊಂಡು ನವೆಂಬರ್‌ವರೆಗೂ ಅವರ ಬೆನ್ನು ಬಿಡಲಿಲ್ಲ. ಜುಲೈನಲ್ಲಿ ಅವರು ಅವಸರದಲ್ಲಿ ಮಿಸೌರಿಯ ಥಾಮಸ್ ಈಗಲ್ಟನ್‌ರನ್ನು ಜೋಡಿಯಾಗಿ ಆರಿಸಿದರು. ಖಿನ್ನತೆಗಾಗಿ ಆಸ್ಪತ್ರೆ ಸೇರಿ ವಿದ್ಯುತ್ ಚಿಕಿತ್ಸೆ ಪಡೆದಿದ್ದ ಸಂಗತಿಯನ್ನು ಈಗಲ್ಟನ್ ಹೇಳಿರಲಿಲ್ಲ. ಅದು ಹೊರಬಿದ್ದಾಗ ಮೆಕ್‌ಗವರ್ನ್ ಮೊದಲು ಗಟ್ಟಿಯಾಗಿ ಬೆನ್ನಿಗೆ ನಿಂತರು, ಕೆಲವೇ ದಿನಗಳಲ್ಲಿ ಕೈಬಿಟ್ಟರು. ಜುಲೈ 31ಕ್ಕೆ ಈಗಲ್ಟನ್ ಕಣದಿಂದ ಹೊರಗೆ. ಮನೋರೋಗದ ಚಿಕಿತ್ಸೆ ಪಡೆದದ್ದು ಅಪರಾಧವಲ್ಲ. ಆ ಕಾರಣಕ್ಕೆ ಒಬ್ಬ ಸಮರ್ಥನನ್ನು ಹೊರಹಾಕಿದ ಆ ಕಾಲದ ಬಗ್ಗೆ ನನಗೆ ಇಂದಿಗೂ ಸಂಕಟವಿದೆ. ಆದರೆ ಜಾಮೀನು ನಿಂತವನ ಬಗ್ಗೆಯೇ ಮರುದಿನ ಹೊಸ ಸುದ್ದಿ ಬಂದರೆ ಇಬ್ಬರೂ ಮುಳುಗುತ್ತಾರೆ.

ಮೂವತ್ತೈದು ವರ್ಷದ ಮೇಲೆ, 2007ರಲ್ಲಿ, ಈಗಲ್ಟನ್ ತೀರಿಕೊಂಡ ನಂತರ ನೊವಾಕ್ ಆ ಅನಾಮಿಕ ಸೆನೆಟರ್ ಯಾರೆಂದು ಬಿಚ್ಚಿಟ್ಟರು. ಅವರು ಈಗಲ್ಟನ್. ಮೆಕ್‌ಗವರ್ನ್‌ರನ್ನು ತಿಂದುಹಾಕಿದ ಮಾತು ಹುಟ್ಟಿದ್ದು ಅವರೇ ಮುಂದೆ ಪಕ್ಕದಲ್ಲಿ ನಿಲ್ಲಿಸಿಕೊಂಡವರ ಬಾಯಲ್ಲಿ.

ಬೈಡನ್ ಕೂಡ ಒಬಾಮ ವಿರುದ್ಧ ಮಾತಾಡಿದವರೇ. 2007ರಲ್ಲಿ ತಾವೇ ಅಭ್ಯರ್ಥಿಯಾಗಿದ್ದಾಗ, ಒಬಾಮ ಇನ್ನೂ ಅಧ್ಯಕ್ಷಗಿರಿಗೆ ಮಾಗಿಲ್ಲ ಎಂದು ಎಲ್ಲರೆದುರು ಹೇಳಿದ್ದರು. ಹೆಸರು ಘೋಷಣೆಯಾಗುತ್ತಿದ್ದಂತೆ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಕಡೆಯವರು ಆ ಮಾತನ್ನೇ ಜಾಹೀರಾತು ಮಾಡಿದರು. ಕಚೇರಿಯಲ್ಲಿ ಒಂದಷ್ಟು ಮಂದಿ ತಲೆಮೇಲೆ ಕೈಹೊತ್ತರು. ನನಗೆ ಹಾಗನ್ನಿಸಲಿಲ್ಲ, ಏಕೆಂದರೆ ಆ ನರ್ಸಮ್ಮನ ಮಾತು ಕೆಲಸ ಮಾಡಿದ್ದನ್ನು ನಾನು ನೋಡಿದ್ದೆ. ಅವರ ಮಾತಿಗೆ ಬೆಲೆ ಬಂದದ್ದೇ ಅವರು ಮೊದಲು ಒಪ್ಪಿರದ ಕಾರಣಕ್ಕೆ. ಆರಂಭದಿಂದ ಹೊಗಳುತ್ತಾ ಬಂದವನ ಜಾಮೀನು ಅಗ್ಗ. ಬಹಿರಂಗವಾಗಿ ಅನುಮಾನಪಟ್ಟು, ಬಹಿರಂಗವಾಗಿಯೇ ಒಪ್ಪಿಕೊಂಡವನದು ತೂಕದ್ದು. ಬೈಡನ್‌ರ ಹಳೆಯ ಕಳಂಕವೂ ಎಲ್ಲರಿಗೂ ಗೊತ್ತಿದ್ದದ್ದೇ: 1987ರಲ್ಲಿ ಬ್ರಿಟನ್ನಿನ ಲೇಬರ್ ನಾಯಕ ನೀಲ್ ಕಿನಾಕ್ ಅವರ ಭಾಷಣವನ್ನು ತಮ್ಮದೆಂಬಂತೆ ಬಳಸಿ ಸಿಕ್ಕಿಬಿದ್ದು ಸ್ಪರ್ಧೆಯಿಂದ ಹಿಂದೆ ಸರಿದಿದ್ದರು. ಇಪ್ಪತ್ತು ವರ್ಷ ಹಳೆಯ ಗಾಯವನ್ನು ಕೆದಕಿ ಹೊಸ ರಕ್ತ ತೆಗೆಯಲು ಯಾರಿಂದಲೂ ಆಗಲಿಲ್ಲ.

ಜೋಡಿ ಎಷ್ಟೇ ಗಟ್ಟಿಯಿದ್ದರೂ ಅಭ್ಯರ್ಥಿಯ ಬದಲಿಗೆ ಮಾತಾಡಲಾರ ಎಂಬುದನ್ನೂ ಇಲ್ಲೇ ಹೇಳಬೇಕು. 1988ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಆರಿಸಿಕೊಂಡ ಟೆಕ್ಸಸ್‌ನ ಲಾಯ್ಡ್ ಬೆಂಟ್ಸನ್‌ಗೆ ಹೆಸರಿಡುವಂತಿರಲಿಲ್ಲ. ಚರ್ಚೆಯಲ್ಲಿ ಎದುರು ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ ಡ್ಯಾನ್ ಕ್ವೇಲ್‌ರನ್ನು ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದನ್ನು ಅಮೆರಿಕನ್ನರು ಈಗಲೂ ನೆನೆಯುತ್ತಾರೆ. ಆದರೆ ವಿಲ್ಲಿ ಹಾರ್ಟನ್ ಎಂಬ ಕೈದಿಯ ಮುಖ ತೋರಿಸಿ ಎದುರಾಳಿಗಳು ಭಯ ಬಿತ್ತಿದಾಗ ಡುಕಾಕಿಸ್ ತಾವೇ ಎದ್ದು ಉತ್ತರಿಸಲು ತಡ ಮಾಡಿದರು, 40 ರಾಜ್ಯ ಸೋತರು. 2004ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಕೆರಿಯವರ ವಿಯೆಟ್ನಾಂ ಶೌರ್ಯವನ್ನೇ ಸುಳ್ಳೆಂದ ಜಾಹೀರಾತು ಆಗಸ್ಟ್ ಮೊದಲ ವಾರದಲ್ಲಿ ಬಂತು. ಕೆರಿ ನೇರವಾಗಿ ಎದುರಿಸಿದ್ದು 19ಕ್ಕೆ. ಒಬಾಮ ಹಾಗೆ ಕಾಯಲಿಲ್ಲ. ಪಾದ್ರಿ ರೈಟ್ ವಿವಾದಕ್ಕೆ ಮಾರ್ಚ್ 18ರಂದೇ ಫಿಲಡೆಲ್ಫಿಯಾದಲ್ಲಿ ತಾವೇ ನಿಂತು ಮಾತಾಡಿದರು. ಜೂನ್‌ನಲ್ಲಿ ಜನನ ಪ್ರಮಾಣಪತ್ರವನ್ನು ಜನರ ಮುಂದಿಟ್ಟರು. ಅದಾದ ಮೇಲಷ್ಟೇ ಬೈಡನ್ ಬಂದದ್ದು.

ಬೈಡನ್‌ರಿಂದ ತೊಂದರೆಯೂ ಆಯಿತು. ಅಕ್ಟೋಬರ್‌ನಲ್ಲಿ ಸಿಯಾಟಲ್‌ನ ನಿಧಿ ಸಂಗ್ರಹ ಸಭೆಯಲ್ಲಿ, ಗೆದ್ದ ಆರು ತಿಂಗಳೊಳಗೆ ಜಗತ್ತು ಈ ಯುವಕನನ್ನು ಪರೀಕ್ಷೆಗೆ ಒಡ್ಡುತ್ತದೆ ಎಂದುಬಿಟ್ಟರು. ಮೆಕೇನ್‌ಗೆ ಇನ್ನೊಂದು ಜಾಹೀರಾತು ಸಿಕ್ಕಿತು, ನಮಗೆ ಬಾಗಿಲಲ್ಲಿ ಇನ್ನೊಂದು ಪ್ರಶ್ನೆ. ಪರಿಚಿತ ಮನುಷ್ಯನನ್ನು ಆರಿಸಿದರೆ ಅವನ ಬಾಯಿಯೂ ಜೊತೆಗೇ ಬರುತ್ತದೆ. ಅಷ್ಟು ಬೆಲೆ ಕೊಡಬಹುದು.

ಇದಕ್ಕಿಂತ ನನ್ನನ್ನು ಕಾಡಿದ್ದು ಬೇರೆ. "ನೀನು ಯಾವ ದೇಶದವನು" ಎಂಬ ಪ್ರಶ್ನೆಯ ಹಿಂದೆಯೇ ಕೆಲವು ಬಾಗಿಲುಗಳಲ್ಲಿ "ನೀನೂ ಮುಸ್ಲಿಮನಾ?" ಎಂದು ಬರುತ್ತಿತ್ತು. ಅಲ್ಲ ಎಂದು ಹೇಳಿ ಮುಂದೆ ಹೋಗುವುದು ಸುಲಭ. ಹಾಗೆ ಹೇಳಿದ ಪ್ರತಿ ಸಲವೂ ಎಡಿಸನ್‌ನಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ಹೈದರಾಬಾದಿನ ಕುಟುಂಬವನ್ನು ನಾನೇ ಅನುಮಾನದ ಸಾಲಿಗೆ ನಿಲ್ಲಿಸಿದಂತೆ ಅನ್ನಿಸುತ್ತಿತ್ತು. ಜೂನ್‌ನಲ್ಲಿ ಡೆಟ್ರಾಯಿಟ್‌ನ ಸಭೆಯಲ್ಲಿ, ತಲೆವಸ್ತ್ರ ಧರಿಸಿದ ಇಬ್ಬರು ಹೆಣ್ಣುಮಕ್ಕಳು ಕ್ಯಾಮೆರಾದಲ್ಲಿ ಒಬಾಮ ಹಿಂದೆ ಕಾಣಬಾರದೆಂದು ಸ್ವಯಂಸೇವಕರು ಅವರನ್ನು ಅಲ್ಲಿ ಕೂರಲು ಬಿಟ್ಟಿರಲಿಲ್ಲ. ಒಬಾಮ ಕ್ಷಮೆ ಕೇಳಿದರು. ಆದರೆ ಸುಳ್ಳು ಒಳಗಿನವರ ಕೈಯಲ್ಲೂ ತನ್ನ ಕೆಲಸ ಮಾಡಿಸಿಕೊಂಡಿತ್ತು.

ಅಕ್ಟೋಬರ್ 19ರ ಭಾನುವಾರ ಬೆಳಿಗ್ಗೆ ಕಾಲಿನ್ ಪಾವೆಲ್ ಟಿವಿಯಲ್ಲಿ ಒಬಾಮಗೆ ಬೆಂಬಲ ಘೋಷಿಸಿದರು. ರಿಪಬ್ಲಿಕನ್, ಸೇನಾ ಮುಖ್ಯಸ್ಥರ ಜಂಟಿ ಸಮಿತಿಯ ಮಾಜಿ ಅಧ್ಯಕ್ಷ, ಬುಷ್ ಸರ್ಕಾರದ ವಿದೇಶಾಂಗ ಸಚಿವರಾಗಿದ್ದವರು. ಒಬಾಮ ಕ್ರೈಸ್ತ, ಅದು ಸರಿಯಾದ ಉತ್ತರ, ಆದರೆ ಮುಸ್ಲಿಮನಾಗಿದ್ದರೆ ತಾನೇ ತಪ್ಪೇನು ಎಂದು ಕೇಳಿದರು. ಇರಾಕ್‌ನಲ್ಲಿ ಸತ್ತ, ನಮ್ಮ ನ್ಯೂಜೆರ್ಸಿಯವನೇ ಆದ ಇಪ್ಪತ್ತು ವರ್ಷದ ಮುಸ್ಲಿಂ ಸೈನಿಕನ ಸಮಾಧಿಯ ಬಗ್ಗೆ ಹೇಳಿದರು. ಆ ಮಾತು ಅಷ್ಟು ಸ್ಪಷ್ಟವಾಗಿ ಬರಬೇಕಿದ್ದದ್ದು ನಮ್ಮ ಜೋಡಿಯ ಕಡೆಯಿಂದ. ಎಂಟು ವಾರ ಮೊದಲು ಬೈಡನ್ ಅದನ್ನೇ ಲೆವಿಟೌನ್‌ನಂಥ ಊರಿನಲ್ಲಿ ನಿಂತು ಹೇಳಿದ್ದರೆ ಎಂದು ನಾನು ಈಗಲೂ ಯೋಚಿಸುತ್ತೇನೆ, ಏಕೆಂದರೆ ಅಲ್ಲಿ ಅವರ ಮಾತಿಗೆ ಪಾವೆಲ್‌ಗಿಂತ ಹೆಚ್ಚು ಬೆಲೆಯಿತ್ತು.

ಉಳಿದ ವಾರಾಂತ್ಯಗಳಲ್ಲಿ ನಾನೂ ನರ್ಸಮ್ಮನೂ ಪಾವೆಲ್ ಹೇಳಿದ ಹಾಗೇ ಉತ್ತರಿಸಿದೆವು. ಕೆಲವರು ಬಾಗಿಲು ಹಾಕಿಕೊಂಡರು. ನವೆಂಬರ್ 4ರಂದು ಒಬಾಮ ಪೆನ್ಸಿಲ್ವೇನಿಯಾವನ್ನು 10 ಶೇಕಡಾ ಅಂಶಗಳಿಗೂ ಹೆಚ್ಚಿನ ಅಂತರದಲ್ಲಿ ಗೆದ್ದರು, ಬಕ್ಸ್ ಕೌಂಟಿಯೂ ಅವರದಾಯಿತು. ಆಮೇಲೆ ಬಂದ ಪ್ರತಿ ಚುನಾವಣೆಯಲ್ಲೂ, ಉಪಾಧ್ಯಕ್ಷ ಅಭ್ಯರ್ಥಿಯ ಹೆಸರು ಹೊರಬಿದ್ದ ದಿನ ಎಲ್ಲರೂ ಆತ ಯಾವ ರಾಜ್ಯ ಗೆಲ್ಲಿಸಿಕೊಡುತ್ತಾನೆ ಎಂದು ಲೆಕ್ಕ ಹಾಕುತ್ತಿದ್ದರೆ, ನಾನು ಮಾತ್ರ ಅವರು ಅಭ್ಯರ್ಥಿಯ ಬಗ್ಗೆ ಹಿಂದೆ ಏನು ಹೇಳಿದ್ದರು ಎಂದು ಹುಡುಕಿ ಓದುತ್ತೇನೆ.