ಮಾಡೆಲ್ ಮುಂದಿನ ಚೀಟಿ: ಮೊದಲು ಸ್ಕೇಲ್, ಆಮೇಲೆ ಹೆಸರು

ಕಿಟ್ಟಿನ ಭಾಗಗಳನ್ನು ಬಿಡಿಸಿ, ಉಜ್ಜಿ, ಅಂಟಿಸಿ, ಬಣ್ಣ ಹೊಡೆಯಲು ತಿಂಗಳುಗಟ್ಟಲೆ ಕೂರುವವರು ಪ್ರದರ್ಶನದ ದಿನ ಮಾಡೆಲ್ ಮುಂದಿಡುವ ಚೀಟಿಗೆ ಎರಡು ನಿಮಿಷವನ್ನೂ ಕೊಡುವುದಿಲ್ಲ. ‘ಮಿಗ್-21’ ಅಂತಲೋ ‘ರೈಲ್ವೆ ಎಂಜಿನ್’ ಅಂತಲೋ ಗೀಚಿ ಇಟ್ಟುಬಿಡುತ್ತಾರೆ. ಫೋಟೊ ತೆಗೆದು ಬೇರೆ ಹವ್ಯಾಸಿಗಳಿಗೆ ಕಳಿಸುವಾಗಲೂ ಅದೇ ಕಥೆ. ರೂಢಿಯಲ್ಲಿರುವ ಕ್ರಮವೇನೂ ಕಷ್ಟದ್ದಲ್ಲ: ಸ್ಕೇಲ್, ಕಿಟ್ ತಯಾರಿಸಿದ ಕಂಪನಿ, ವಸ್ತುವಿನ ಹೆಸರು ಮತ್ತು ಆವೃತ್ತಿ, ಯಾವ ಪಡೆಯದು ಅಥವಾ ಯಾವ ಕಾಲದ್ದು, ಕೊನೆಗೆ ನೀವು ಮಾಡಿದ ಬದಲಾವಣೆ. ಉದಾಹರಣೆಗೆ: ‘1/48, ಎಡುವಾರ್ಡ್, ಮಿಗ್-21 ಬಿಸ್, ಭಾರತೀಯ ವಾಯುಪಡೆ, ಕಿಟ್ಟಿನಲ್ಲಿದ್ದಂತೆ’. ಈ ಕ್ರಮಕ್ಕೊಂದು ತರ್ಕವಿದೆ. ನೋಡುವವರು ತಾವಾಗಿ ಕಂಡುಕೊಳ್ಳಲಾಗದ್ದು ಮೊದಲು ಬರಬೇಕು. ವಿಮಾನ ಮಿಗ್ ಎಂಬುದು ಅದರ ಮೂತಿ ನೋಡಿದರೇ ತಿಳಿಯುತ್ತದೆ, ಆದರೆ ಎಷ್ಟು ಪಟ್ಟು ಕುಗ್ಗಿಸಿದ್ದೆಂದು ಯಾವ ಫೋಟೊವೂ ಹೇಳುವುದಿಲ್ಲ.

ನಮ್ಮಲ್ಲಿ ಸ್ಕೇಲು ಎಂದರೆ ಮೊದಲು ನೆನಪಾಗುವುದು ಜಾಮೆಟ್ರಿ ಬಾಕ್ಸಿನ ಅಡಿಪಟ್ಟಿ. ಇಲ್ಲಿ ಅದೂ ಬೇಕು. ಡಬ್ಬಿ ಕಳೆದುಹೋಗಿದ್ದರೆ ಅಥವಾ ಹಳೆಯ ಕಿಟ್ಟಿನ ಮೇಲಿನ ಅಂಕಿ ನಂಬುವಂತಿಲ್ಲದಿದ್ದರೆ, ನಿಜವಾದ ವಸ್ತುವಿನ ಅಳತೆಯನ್ನು ಮಿಲಿಮೀಟರಿಗೆ ತಂದು ಮಾಡೆಲ್ಲಿನ ಅಳತೆಯಿಂದ ಭಾಗಿಸಿ. ಮಿಗ್-21ರ ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 7,150 ಮಿ.ಮೀ. ನಿಮ್ಮ ಮಾಡೆಲ್ 149 ಮಿ.ಮೀ. ಇದ್ದರೆ ಅದು 1/48, 99 ಮಿ.ಮೀ. ಇದ್ದರೆ 1/72. ಉದ್ದ ಅಳೆಯಲು ಹೋಗಬೇಡಿ. ಮೂತಿಯ ಮುಂದೆ ಚಾಚಿಕೊಂಡ ಪಿಟೊ ನಳಿಗೆಯನ್ನು ಕೆಲವು ಪುಸ್ತಕಗಳು ಲೆಕ್ಕಕ್ಕೆ ಹಿಡಿಯುತ್ತವೆ, ಕೆಲವು ಬಿಡುತ್ತವೆ. ಇನ್ನೊಂದು ಮಾತು: ಕೆಳಗಿನ ಅಂಕಿ ದೊಡ್ಡದಾದಷ್ಟೂ ಮಾಡೆಲ್ ಚಿಕ್ಕದು. ಇದು ಗೊತ್ತಿದ್ದೂ ಆತುರದಲ್ಲಿ ತಪ್ಪು ಬರೆಯುವವರಿದ್ದಾರೆ.

ಎಲ್ಲರಿಗಿಂತ ಹೆಚ್ಚು ಎಡವುವುದು ರೈಲು ಮಾಡೆಲ್ ಮಾಡುವವರು, ಗೇಜನ್ನೇ ಸ್ಕೇಲ್ ಅಂದುಕೊಂಡು. ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ, ಸ್ಕೇಲ್ ಎಂದರೆ ಕುಗ್ಗಿಸಿದ ಪ್ರಮಾಣ. ‘16.5 ಮಿ.ಮೀ. ಹಳಿ’ ಎಂದಷ್ಟೇ ಬರೆದರೆ ಸ್ಕೇಲ್ ಗೊತ್ತಾಗುವುದಿಲ್ಲ. ಏಕೆಂದರೆ 1/87ರ ಎಚ್‌ಒ ರೈಲೂ ಬ್ರಿಟನ್ನಿನವರ 1/76ರ ಒಒ ರೈಲೂ ಅದೇ ಹಳಿಯ ಮೇಲೆ ಓಡುತ್ತವೆ. 16.5 ಅನ್ನು 87ರಿಂದ ಗುಣಿಸಿದರೆ 1,435 ಮಿ.ಮೀ. ಬರುತ್ತದೆ, ಅದು ಸರಿಯಾಗಿ ಸ್ಟ್ಯಾಂಡರ್ಡ್ ಗೇಜ್. 76ರಿಂದ ಗುಣಿಸಿದರೆ ಸುಮಾರು 1,255 ಮಾತ್ರ, ಅಂದರೆ ಒಒ ರೈಲಿನ ಹಳಿ ಇರಬೇಕಾದ್ದಕ್ಕಿಂತ ಇಕ್ಕಟ್ಟು. ನಮ್ಮ ರೈಲುಗಳ ವಿಷಯ ಇನ್ನೂ ತೊಡಕಿನದು. ಭಾರತೀಯ ಬ್ರಾಡ್ ಗೇಜ್ 1,676 ಮಿ.ಮೀ., 1/87ಕ್ಕೆ ಇಳಿಸಿದರೆ 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ 16.5ರ ಹಳಿಗೆ ಕೂರಿಸಿದ ಡಬ್ಲ್ಯುಎಪಿ-7 ಎಂಜಿನ್ನಿನ ಒಡಲು ಸರಿಯಾದ ಅಳತೆಯದ್ದಾದರೂ ಗಾಲಿಗಳ ನಡುವಿನ ಅಂತರ ಸುಮಾರು 3 ಮಿ.ಮೀ. ಕಡಿಮೆ ಇರುತ್ತದೆ. ಇದು ತಪ್ಪಲ್ಲ, ಒಪ್ಪಿಕೊಂಡ ರಾಜಿ. ಆದರೆ ಚೀಟಿಯಲ್ಲಿ ‘1/87, 16.5 ಮಿ.ಮೀ. ಹಳಿಗೆ’ ಎಂದು ಎರಡನ್ನೂ ಬರೆದರೆ ಮಾತ್ರ ಅದು ರಾಜಿ ಎಂದು ಕಾಣುತ್ತದೆ, ಬರೆಯದಿದ್ದರೆ ಅಜ್ಞಾನ ಎಂದು ಕಾಣುತ್ತದೆ. ತಮಾಷೆಯೆಂದರೆ, ಬೆಂಗಳೂರಿನ ‘ನಮ್ಮ ಮೆಟ್ರೊ’ ಸ್ಟ್ಯಾಂಡರ್ಡ್ ಗೇಜಿನದಾದ್ದರಿಂದ ಅದನ್ನು 1/87ರಲ್ಲಿ ಮಾಡಿದವರಿಗೆ ಈ ತಾಪತ್ರಯವೇ ಇಲ್ಲ. ಹಳೆಯ ಮೀಟರ್ ಗೇಜ್ ವೈಪಿ ಉಗಿ ಎಂಜಿನ್ ಮಾಡುವವರಿಗೆ ಹೆಚ್ಚುಕಡಿಮೆ 12 ಮಿ.ಮೀ. ಹಳಿ ಹೊಂದುತ್ತದೆ, ಆದರೆ ಅದೇ ಹಳಿಯ ಮೇಲೆ 1/120ರ ಟಿಟಿ ರೈಲುಗಳೂ ಓಡುತ್ತವೆ. ಹಾಗಾಗಿ ಹಳಿಯ ಅಳತೆ ಒಂದನ್ನೇ ನಂಬಬೇಡಿ.

ಹೆಸರಿನ ವಿಷಯಕ್ಕೆ ಬಂದರೆ, ಆವೃತ್ತಿ ಇಲ್ಲದ ಹೆಸರು ಅರ್ಧ ಹೆಸರು. ಭಾರತೀಯ ವಾಯುಪಡೆಯಲ್ಲಿ 1963ರಿಂದ 2025ರವರೆಗೆ ಇದ್ದ ಮಿಗ್-21 ಒಂದೇ ವಿಮಾನವಲ್ಲ. ಎಫ್‌ಎಲ್‌ನ ಬೆನ್ನು ಸಪೂರ, ಒಳಗೆ ಫಿರಂಗಿ ಇಲ್ಲ, ಹೊಟ್ಟೆಯಡಿ ಪೊಟ್ಟಣದಂತೆ ಕಟ್ಟುತ್ತಿದ್ದರು. ಬಿಸ್‌ನ ಬೆನ್ನು ದಪ್ಪ, ಫಿರಂಗಿ ಒಡಲೊಳಗೇ ಇದೆ. ಆಮೇಲೆ ಬಂದ ಬಿಸ್ ಮಾಡಿ 1971ರ ಯುದ್ಧದ ವಿಮಾನ ಎಂದು ಬರೆದರೆ ಬಲ್ಲವರು ಅಲ್ಲೇ ಹಿಡಿಯುತ್ತಾರೆ. ‘ಐಎನ್‌ಎಸ್ ವಿಕ್ರಾಂತ್’ ಎಂದರೆ 1961ರದೋ 2022ರದೋ? ಎರಡೂ ಹಡಗುಗಳ ಮೇಲಿನ ಗುರುತು ಆರ್11, ಅದರಿಂದ ಉಪಯೋಗವಿಲ್ಲ. ವರ್ಷವನ್ನೇ ಬರೆಯಬೇಕು.

ಡಬ್ಬಿಯ ಮೇಲಿದ್ದುದನ್ನೇ ನಕಲು ಮಾಡಿದರೆ ಸಾಲದೇ ಎಂದು ಕೇಳುವವರುಂಟು. ಸಾಲದು. ಡಬ್ಬಿಯ ಮೇಲೆ ಒಬ್ಬರ ಹೆಸರು, ಒಳಗಿನ ಅಚ್ಚು ಇನ್ನೊಬ್ಬರದು ಆಗಿರುವುದು ಈ ಉದ್ಯಮದಲ್ಲಿ ಮಾಮೂಲು. ಜಪಾನಿನ ಟಮಿಯಾ ತನ್ನ 1/72 ಸರಣಿಯಲ್ಲಿ ಇಟಲಿಯ ಇಟಾಲೆರಿಯ ಅಚ್ಚುಗಳನ್ನೂ ಮಾರಿದೆ. ಗೊತ್ತಿದ್ದರೆ ಎರಡೂ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಡಬ್ಬಿಯ ಹೆಸರು ಬರೆದು ಸುಮ್ಮನಿರಿ, ಊಹೆ ಬೇಡ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಇದು ಮನಸ್ಸಂತೋಷದ ಹವ್ಯಾಸ, ಸರ್ಕಾರಿ ಅರ್ಜಿಯಲ್ಲ, ಇಷ್ಟೊಂದು ಶಿಸ್ತು ಯಾಕೆ? ಮನೆಯ ಶೋಕೇಸಿನಲ್ಲಿ ಇಟ್ಟುಕೊಳ್ಳುವುದಾದರೆ ಶಿಸ್ತು ಬೇಡವೇ ಬೇಡ. ಆದರೆ ನಾಲ್ಕು ಜನರ ಮುಂದಿಟ್ಟ ಮೇಲೆ, ಅದೇ ಕಿಟ್ ಕೊಳ್ಳಬೇಕೆಂದಿರುವ ಹುಡುಗನಿಗೆ ಆ ಚೀಟಿಯೇ ಕ್ಯಾಟಲಾಗ್. ಎರಡು ಕಿಟ್ ಕೂಡಿಸಿದ್ದನ್ನೋ ರೆಸಿನ್ ಭಾಗ ಹಾಕಿದ್ದನ್ನೋ ಮುಚ್ಚಿಟ್ಟರೆ, ಅವನು ಡಬ್ಬಿ ಬಿಚ್ಚಿ ನಿಮ್ಮದರಂತೆ ಬರಲಿಲ್ಲವೆಂದು ಪೇಚಾಡುತ್ತಾನೆ. ಪೂರ್ತಿ ಸ್ವಂತವಾಗಿ ಹಾಳೆ ಕತ್ತರಿಸಿ ಮಾಡಿದ್ದರೆ ಅದನ್ನೂ ಬರೆಯಿರಿ, ಅದಕ್ಕೆ ಸಿಗಬೇಕಾದ ಮರ್ಯಾದೆಯೇ ಬೇರೆ.

ಗುಂಡಮ್ ರೋಬೊ ಕಿಟ್ ಮಾಡುವವರು ಗ್ರೇಡ್ ಜೊತೆ ಸ್ಕೇಲನ್ನೂ ಹಾಕಲಿ: ಎಚ್‌ಜಿ, ಆರ್‌ಜಿ ಸಾಮಾನ್ಯವಾಗಿ 1/144, ಎಂಜಿ 1/100, ಪಿಜಿ 1/60. ಮುಗಿಯದ ಮಾಡೆಲ್ ಇಟ್ಟರೆ ‘ಕೆಲಸ ನಡೆದಿದೆ’ ಎಂಬ ಎರಡು ಪದ ಸಾಕು. ಕಿಟ್ ಸಂಖ್ಯೆಯನ್ನು ಮಾತ್ರ ಡಬ್ಬಿ ಬಿಚ್ಚಿದ ದಿನವೇ ಬರೆದಿಟ್ಟುಕೊಳ್ಳಿ. ಮಾಡೆಲ್ ಮುಗಿಯುವ ಹೊತ್ತಿಗೆ ಡಬ್ಬಿ ರದ್ದಿಗೆ ಹೋಗಿರುತ್ತದೆ.